ಅಮ್ಮನಿಗೆ ಸ್ತನ ಕ್ಯಾನ್ಸರ್, ಈಗ ಚಿಕ್ಕಮ್ಮನಿಗೆ ಅಂಡಾಶಯದ್ದು: ಮೊದಲು ಪರೀಕ್ಷೆಗೆ ರಕ್ತ ಕೊಡಬೇಕಾದವರು ಯಾರು?

ವಿದ್ಯಾನಗರದವಳು

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನನಗೆ 36 ವರ್ಷ, ಇಬ್ಬರು ಮಕ್ಕಳು. ಅಮ್ಮನಿಗೆ 44ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು, 49ಕ್ಕೆ ತೀರಿಕೊಂಡರು. ಈಗ ಜಗಳೂರಿನಲ್ಲಿರುವ ಚಿಕ್ಕಮ್ಮನಿಗೆ, ಅಂದರೆ ಅಮ್ಮನ ಒಡಹುಟ್ಟಿದ ತಂಗಿಗೆ, 52ರಲ್ಲಿ ಅಂಡಾಶಯದ ಕ್ಯಾನ್ಸರ್. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಿದೆ, ಕಿಮೋ ನಡೆಯುತ್ತಿದೆ. ಅಲ್ಲಿನ ವೈದ್ಯರು ಬಿಆರ್‌ಸಿಎ ಪರೀಕ್ಷೆ, ಅಂದರೆ ವಂಶದಿಂದ ಬರುವ ಕ್ಯಾನ್ಸರ್‌ನ ಜೀನ್ ದೋಷ ಹುಡುಕುವ ರಕ್ತಪರೀಕ್ಷೆ, ಮಾಡಿಸಿ ಎಂದು ಬರೆದುಕೊಟ್ಟಿದ್ದಾರೆ. ಚಿಕ್ಕಪ್ಪ ಆ ಚೀಟಿಯನ್ನು ಫೈಲಿನೊಳಗೆ ಸೇರಿಸಿ ಸುಮ್ಮನಾಗಿದ್ದಾರೆ.

ಅವರನ್ನು ಕಾಯುವುದು ಬೇಡವೆಂದು ನಾನೇ ಒಂದು ಖಾಸಗಿ ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ನಾಳೆಯೇ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತೇವೆ ಎಂದರು. ಮನೆಯಲ್ಲಿ ಯಾರಿಗೆ ಏನಾಗಿತ್ತು ಎಂದು ಒಂದು ಮಾತನ್ನೂ ಕೇಳಲಿಲ್ಲ, ಕೇಳಿದ್ದು ವಿಳಾಸ ಮತ್ತು ಪಾವತಿಯ ವಿಧಾನ. ಕೊಡಲೇ? ಏನೂ ಇಲ್ಲವೆಂದು ವರದಿ ಬಂದರೆ ನೆಮ್ಮದಿಯಾಗಿರಬಹುದೇ?

ಹರಿಹರದ ಸೊಸೆ

ಕೊಟ್ಟುಬಿಡಿ ಅಕ್ಕ, ಯೋಚನೆ ಏಕೆ? ಗೊತ್ತಿಲ್ಲದೆ ಕೊರಗುವುದಕ್ಕಿಂತ ಗೊತ್ತಾಗುವುದು ಮೇಲು. ನಮ್ಮ ಅತ್ತೆಗೆ ಆ ಭಯವೇ ಇಲ್ಲ, ಅವರಿಗೆ ನಲವತ್ತು ತುಂಬುವ ಮೊದಲೇ ಗರ್ಭಕೋಶ ತೆಗೆಸಿದ್ದಾಗಿದೆ.

ಮಂಡಿಪೇಟೆ ಲೆಕ್ಕಿಗ

ಅಡ್ಡ ಮಾತಾಡುವ ಕೆಲಸ ನನಗಿರಲಿ. ಆ ಏಂಜಲಿನಾ ಜೋಲಿ 2013ರಲ್ಲಿ ಸ್ತನ ತೆಗೆಸಿಕೊಂಡು ಪತ್ರಿಕೆಯಲ್ಲಿ ಬರೆದ ದಿನದಿಂದ ಇದೊಂದು ವ್ಯಾಪಾರವಾಗಿದೆ. ಸ್ತನ ಕ್ಯಾನ್ಸರ್‌ನಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ ಎಂದು ವೈದ್ಯರೇ ಹೇಳುತ್ತಾರೆ. ಉಳಿದ ತೊಂಬತ್ತಕ್ಕೆ ಈ ಪರೀಕ್ಷೆಯಿಂದ ಏನು ಪ್ರಯೋಜನ? ಇರುವ ಹಣದಲ್ಲಿ ಚಿಕ್ಕಮ್ಮನ ಚಿಕಿತ್ಸೆ ನೋಡಿಕೊಳ್ಳಿ.

ದುರ್ಗದ ವೈದ್ಯೆ

ನಾನು ಸ್ತ್ರೀರೋಗ ವೈದ್ಯೆ. ಚಿತ್ರದುರ್ಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ, ಈಗ ವಾರಕ್ಕೆ ಕೆಲವು ದಿನ ಮಾತ್ರ ರೋಗಿಗಳನ್ನು ನೋಡುತ್ತೇನೆ. ಮೂವರಿಗೂ ಒಟ್ಟಿಗೆ ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ವಿದ್ಯಾನಗರದವರೇ, ನಾಳೆ ರಕ್ತ ಕೊಡಬೇಡಿ. ಪರೀಕ್ಷೆ ಬೇಡ ಎನ್ನುತ್ತಿಲ್ಲ, ಸರದಿ ನಿಮ್ಮದಲ್ಲ ಎನ್ನುತ್ತಿದ್ದೇನೆ. ಮೊದಲು ಕೊಡಬೇಕಾದವರು ನಿಮ್ಮ ಚಿಕ್ಕಮ್ಮ. ಬಿಆರ್‌ಸಿಎ1 ಎಂಬ ಜೀನ್ 17ನೇ ವರ್ಣತಂತುವಿನ ಮೇಲಿದೆ, ಬಿಆರ್‌ಸಿಎ2 13ನೆಯದರ ಮೇಲಿದೆ. ಜೀವಕೋಶದ ಡಿಎನ್‌ಎ ತುಂಡಾದಾಗ ಸರಿಯಾಗಿ ಬೆಸೆಯುವುದು ಇವುಗಳ ಕೆಲಸ. ಇವು ಎಷ್ಟು ಉದ್ದವೆಂದರೆ ಒಂದೊಂದು ಕುಟುಂಬದಲ್ಲಿ ಒಂದೊಂದು ಜಾಗದಲ್ಲಿ ದೋಷವಿರುತ್ತದೆ. ಇಂಥ ಸಾವಿರಾರು ದೋಷಗಳು ಈಗ ದಾಖಲಾಗಿವೆ. ದಪ್ಪ ಪುಸ್ತಕದಲ್ಲಿ ಅಚ್ಚಿನ ತಪ್ಪು ಎಲ್ಲಿದೆ ಎಂದು ಯಾರೂ ಹೇಳದೆ ಹುಡುಕುವುದು ಒಂದು ಕೆಲಸ, ಇಂಥ ಪುಟದ ಇಂಥ ಸಾಲು ಎಂದು ತಿಳಿದ ಮೇಲೆ ತೆರೆದು ನೋಡುವುದು ಬೇರೆಯೇ ಕೆಲಸ. ಆ ಸಾಲು ಯಾವುದೆಂದು ತೋರಿಸಬಲ್ಲವರು ಕಾಯಿಲೆ ಬಂದವರು.

ಅವರನ್ನು ಬಿಟ್ಟು ನೀವು ಕೊಟ್ಟಿರಿ, ಏನೂ ಇಲ್ಲವೆಂದು ಬಂತು ಎಂದುಕೊಳ್ಳಿ. ಅದಕ್ಕೆ ಎರಡು ಅರ್ಥ. ಮನೆಯಲ್ಲಿ ದೋಷವಿದೆ, ನಿಮಗೆ ಬಂದಿಲ್ಲ ಎನ್ನುವುದು ಒಂದು. ಮನೆಯ ದೋಷ ಈ ಪರೀಕ್ಷೆಗೆ ಸಿಗುವಂಥದ್ದೇ ಅಲ್ಲ, ನಿಮ್ಮಲ್ಲಿ ಇದ್ದರೂ ಇರಬಹುದು ಎನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ಎಂದು ಆ ಕಾಗದ ನೋಡಿ ಯಾರೂ ಹೇಳಲಾರರು. ಚಿಕ್ಕಮ್ಮನಲ್ಲಿ ದೋಷ ಸಿಕ್ಕಿ ಅದೇ ನಿಮ್ಮಲ್ಲಿ ಇಲ್ಲವೆಂದಾದರೆ ಮಾತ್ರ ಆ 'ಇಲ್ಲ' ನಂಬಬಹುದಾದ 'ಇಲ್ಲ'. ಆಗ ನಿಮ್ಮ ಅಪಾಯ ಊರಿನ ಉಳಿದ ಹೆಂಗಸರಷ್ಟೇ.

ಲೆಕ್ಕಿಗರೇ, ಐದರಿಂದ ಹತ್ತು ಎಂಬ ನಿಮ್ಮ ಲೆಕ್ಕ ಸರಿ, ಆದ್ದರಿಂದಲೇ ಈ ಪರೀಕ್ಷೆ ಊರಿಗೆಲ್ಲ ಅಲ್ಲ. ಆದರೆ ಅದು ಸ್ತನದ ಲೆಕ್ಕ. ಅಂಡಾಶಯದ ಕ್ಯಾನ್ಸರ್‌ನಲ್ಲಿ ವಂಶದ ಪಾಲು ಅದಕ್ಕಿಂತ ಬಹಳ ಹೆಚ್ಚು. ಅದಕ್ಕಾಗಿ ಅಲ್ಲಿ ಬರುವ ಸಾಮಾನ್ಯ ಬಗೆಯ ಕ್ಯಾನ್ಸರ್ ಇರುವ ಪ್ರತಿಯೊಬ್ಬರಿಗೂ, ಮನೆಯಲ್ಲಿ ಇನ್ಯಾರಿಗೂ ಇರದಿದ್ದರೂ, ಈ ಪರೀಕ್ಷೆ ಮಾಡಿಸಿ ಎಂದು ಹೇಳುತ್ತೇವೆ. ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದವರು, 'ಟ್ರಿಪಲ್ ನೆಗೆಟಿವ್' ಬಗೆ ಬಂದವರು, ಸ್ತನ ಕ್ಯಾನ್ಸರ್ ಬಂದ ಗಂಡಸರು, ಒಂದೇ ಕಡೆಯ ರಕ್ತಸಂಬಂಧಿಗಳಲ್ಲಿ ಹಲವರಿಗೆ ಬಂದಿರುವವರು, ಇವರಿಗೂ ಅದೇ ಮಾತು. ವಿದ್ಯಾನಗರದವರ ಮನೆ ಈ ಪಟ್ಟಿಯಲ್ಲಿ ಎರಡು ಕಡೆ ಬರುತ್ತದೆ.

ಹರಿಹರದ ತಂಗಿ, ನಿಮ್ಮ ಅತ್ತೆಯ ಡಿಸ್ಚಾರ್ಜ್ ಚೀಟಿ ಹುಡುಕಿ ನೋಡಿ. ಅದರಲ್ಲಿ 'ಬಿಎಸ್‌ಒ' ಎಂಬ ಅಕ್ಷರಗಳಿದ್ದರೆ ಅಂಡಾಶಯ, ಅಂಡನಾಳ ಎರಡೂ ಹೋಗಿವೆ ಎಂದರ್ಥ. ಇಲ್ಲದಿದ್ದರೆ ಬಹುಶಃ ಗರ್ಭಕೋಶ ಮಾತ್ರ ಹೋಗಿದೆ, ಅಂಡಾಶಯ ಅಲ್ಲೇ ಇರಬಹುದು. ನಮ್ಮ ಕಡೆ ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡು, ಇನ್ನು ಆ ಭಾಗದ ಚಿಂತೆ ಮುಗಿಯಿತು ಎಂದುಕೊಂಡವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಹರಿಹರದ ಸೊಸೆ

ಅತ್ತೆ ಟ್ರಂಕಿನಿಂದ ಚೀಟಿ ತೆಗೆದುಕೊಟ್ಟರು. ಆ ಮೂರು ಅಕ್ಷರಗಳಿಲ್ಲ ಮೇಡಂ. ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲವೆಂದು ಹೇಳುತ್ತಿದ್ದಾರೆ, ಆದ್ದರಿಂದ ಹೆದರಿಸಲು ಹೋಗಿಲ್ಲ.

ಹಳೇ ಮೈಕ್ರೋಸ್ಕೋಪು

ರೋಗಪರೀಕ್ಷಾ ವಿಭಾಗದಲ್ಲಿ ತಂತ್ರಜ್ಞನಾಗಿದ್ದವನು ನಾನು. 'ಮನೆಯಲ್ಲಿ ಯಾರಿಗೂ ಇರಲಿಲ್ಲ' ಎಂಬ ಮಾತನ್ನು ನಾನು ನಂಬುವುದಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ, ಆ ಹೆಸರಿನಲ್ಲಿ ಯಾರೂ ಕೇಳಿರುವುದಿಲ್ಲ. ಅಜ್ಜಿಗೆ ಏನಾಗಿತ್ತು ಎಂದರೆ 'ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು' ಎನ್ನುತ್ತಾರೆ. ದೊಡ್ಡಮ್ಮನಿಗೆ 'ಎದೆಯಲ್ಲಿ ಹುಣ್ಣು' ಆಗಿತ್ತು. ಇನ್ನೊಬ್ಬರಿಗೆ 'ಗಡ್ಡೆ', ಮತ್ತೊಬ್ಬರಿಗೆ 'ಹೆಂಗಸರ ಕಾಯಿಲೆ'. ಕೆಲವರದು ಮಾಟ. ಹೊಟ್ಟೆಯಲ್ಲಿ ನೀರು ತುಂಬಲು ಲಿವರ್, ಹೃದಯ, ಕ್ಷಯ ಎಲ್ಲವೂ ಕಾರಣವಾಗಬಹುದು, ಆದರೆ ಐವತ್ತರ ಆಸುಪಾಸಿನ ಹೆಂಗಸು ಹೊಟ್ಟೆ ಉಬ್ಬಿ, ಊಟ ಸೇರದೆ, ಕೆಲವೇ ತಿಂಗಳಲ್ಲಿ ಹೋದರು ಎಂದರೆ ಅಂಡಾಶಯವನ್ನೂ ನೆನಪಿಸಿಕೊಳ್ಳಬೇಕು.

ವಿದ್ಯಾನಗರದವರೇ, ನಿಮ್ಮ ತಾಯಿಯ ಬಯಾಪ್ಸಿ ವರದಿ ಇಟ್ಟುಕೊಂಡಿದ್ದೀರಾ? ಅದರಲ್ಲಿ ಇಆರ್, ಪಿಆರ್ (ಎರಡು ಹಾರ್ಮೋನ್ ಗ್ರಾಹಕಗಳು), ಹರ್2 (ಒಂದು ಪ್ರೋಟೀನ್) ಎಂದು ಮೂರು ಸಾಲುಗಳಿರುತ್ತವೆ. ಮೂರೂ ನೆಗೆಟಿವ್ ಇದ್ದರೆ ಅದೇ ಟ್ರಿಪಲ್ ನೆಗೆಟಿವ್. ಆಸ್ಪತ್ರೆಯಲ್ಲಿ ಗಡ್ಡೆಯ ತುಣುಕು ಇಟ್ಟ ಮೇಣದ ಬ್ಲಾಕ್ ಉಳಿದಿದ್ದರೆ ಅದರಿಂದಲೂ ಡಿಎನ್‌ಎ ತೆಗೆಯಲು ಪ್ರಯತ್ನಿಸಬಹುದು, ಆದರೆ ಹಳೆಯದಾದಷ್ಟೂ ಡಿಎನ್‌ಎ ಚೂರುಚೂರಾಗಿರುತ್ತದೆ. ಚಿಕ್ಕಮ್ಮ ಕಣ್ಣೆದುರು ಇರುವಾಗ ಅದರ ಗೋಜು ಬೇಡ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಸಾಕು. ಉಪವಾಸ ಇರಬೇಕಿಲ್ಲ, ಕಿಮೋ ನಡೆಯುತ್ತಿದ್ದರೂ ತೊಂದರೆಯಿಲ್ಲ. ವರದಿಗೆ ಸಾಮಾನ್ಯವಾಗಿ ಕೆಲವು ವಾರ ಬೇಕು.

ಹೊಳಲ್ಕೆರೆ ತೋಟದವನು

ಗಂಡಸು ಇಲ್ಲಿ ಮಾತಾಡಬಹುದೋ ಇಲ್ಲವೋ ಎಂದು ಅನುಮಾನಿಸುತ್ತಲೇ ಬರೆಯುತ್ತಿದ್ದೇನೆ. ನನ್ನ ತಂಗಿಗೆ 39ಕ್ಕೆ ಸ್ತನ ಕ್ಯಾನ್ಸರ್ ಆಯಿತು. ತಾಯಿಯ ಕಡೆ ಯಾರಿಗೂ ಇಲ್ಲ, ಹಾಗಾಗಿ ವಂಶದ ಮಾತು ನಮಗೆ ಹೊಳೆಯಲೇ ಇಲ್ಲ. ಅಪ್ಪನ ಅಕ್ಕನಿಗೂ ಅಪ್ಪನ ಚಿಕ್ಕಮ್ಮನಿಗೂ ಬಂದಿತ್ತು ಎನ್ನುವುದನ್ನು ಕುಟುಂಬದ ನಕ್ಷೆ ಬರೆಯಲು ಕೂರಿಸಿದ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದ ಕಾಯಿಲೆಗಳ ಸಲಹೆಗಾರರು, ಹೊರಗೆಳೆದರು. ಅಪ್ಪ ಎಪ್ಪತ್ತು ದಾಟಿ ಆರೋಗ್ಯವಾಗಿದ್ದಾರೆ, ತೋಟಕ್ಕೆ ನೀರು ಕಟ್ಟುತ್ತಾರೆ. ದೋಷ ಅವರ ಮೂಲಕವೇ ಬಂದಿತ್ತು.

ಹೆಣ್ಣುಮಕ್ಕಳ ಕಾಯಿಲೆ ಹೆಣ್ಣಿನ ಕಡೆಯಿಂದಲೇ ಬರುತ್ತದೆ ಎಂದು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ತಂದೆಗಿದ್ದರೂ ತಾಯಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ. ನನಗೂ ಬಂದಿದೆ. ಬಿಆರ್‌ಸಿಎ2. ಪ್ರಾಸ್ಟೇಟ್ ನೋಡಿಸಿಕೊಳ್ಳುತ್ತೇನೆ, ಎದೆಯನ್ನೂ ನೋಡಿಸಿಕೊಳ್ಳುತ್ತೇನೆ. ಎದೆ ಎಂದಾಗ ಸ್ನೇಹಿತರು ನಕ್ಕರು. ಬಿಆರ್‌ಸಿಎ2 ದೋಷವಿರುವ ಗಂಡಸರಲ್ಲಿ ನೂರಕ್ಕೆ ಸುಮಾರು ಏಳು ಜನರಿಗೆ ಸ್ತನ ಕ್ಯಾನ್ಸರ್ ಬರಬಹುದು ಎಂದ ಮೇಲೆ ನಗು ನಿಂತಿತು.

ವಿದ್ಯಾನಗರದವಳು

ಎಲ್ಲರಿಗೂ ವಂದನೆ. ಪ್ರಯೋಗಾಲಯದವರಿಗೆ ಸದ್ಯಕ್ಕೆ ಬರಬೇಡಿ ಎಂದಿದ್ದೇನೆ. ಅಮ್ಮನ ವರದಿ ಸಿಕ್ಕಿತು. ಇಆರ್, ಪಿಆರ್ ಎರಡೂ ಪಾಸಿಟಿವ್, ಹರ್2 ನೆಗೆಟಿವ್. ಟ್ರಿಪಲ್ ನೆಗೆಟಿವ್ ಅಲ್ಲ.

ಚಿಕ್ಕಪ್ಪ ಏಕೆ ಚೀಟಿ ಮುಚ್ಚಿಟ್ಟಿದ್ದಾರೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಚಿಕ್ಕಮ್ಮನ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿದೆ. ವಂಶದ ಕಾಯಿಲೆ ಎಂದು ಕಾಗದದಲ್ಲಿ ಬಂದುಬಿಟ್ಟರೆ ಹುಡುಗಿಯ ಗತಿ ಏನು ಎಂಬುದು ಅವರ ಭಯ. ಚಿಕ್ಕಮ್ಮ ಅವರ ಮಾತು ಮೀರುವುದಿಲ್ಲ. 'ಮದುವೆ ಆಗಿಬಿಡಲಿ, ಆಮೇಲೆ ನೂರು ಪರೀಕ್ಷೆ ಮಾಡಿಸಿ' ಎನ್ನುತ್ತಾರೆ.

ಮಂಡಿಪೇಟೆ ಲೆಕ್ಕಿಗ

ಇದರಲ್ಲಿ ನಾನು ಚಿಕ್ಕಪ್ಪನ ಕಡೆ. ಹೆಣ್ಣು ಹೆತ್ತವರ ಸಂಕಟ ಪ್ರಯೋಗಾಲಯಕ್ಕೆ ಅರ್ಥವಾಗುವುದಿಲ್ಲ. ಹುಡುಗಿಗೆ ಏನೂ ಆಗಿಲ್ಲ, ಆಗುತ್ತದೆಂಬ ಖಚಿತವೂ ಇಲ್ಲ. ನಾಲ್ಕು ಜನರ ಬಾಯಿಗೆ ಏಕೆ ಕೊಡಬೇಕು?

ಕೋಟೆ ಊರಿನವಳು

ಮಂಡಿಪೇಟೆಯವರೇ, ಸಿಟ್ಟು ಬಂದಿದೆ, ಆದರೂ ಸಮಾಧಾನವಾಗಿ ಕೇಳುತ್ತೇನೆ. ಆ ಹುಡುಗಿಯನ್ನು ಯಾರಾದರೂ ಕೇಳಿದ್ದೀರಾ? ಚಿಕ್ಕಪ್ಪನ ಭಯ ಇದೆ, ನಿಮ್ಮ ಲೆಕ್ಕ ಇದೆ, ಬೀಗರ ಬಾಯಿ ಇದೆ. ಇಪ್ಪತ್ತು ದಾಟಿದ ಹೆಣ್ಣಿನ ಮೈ ಅವಳದೇ ಎನ್ನುವುದು ಈ ಲೆಕ್ಕದಲ್ಲಿ ಯಾವ ಸಾಲಿನಲ್ಲಿ ಬರುತ್ತದೆ?

ವಿದ್ಯಾನಗರದವಳು

ಅವಳಿಗೆ ಚೀಟಿಯ ವಿಷಯವೇ ಗೊತ್ತಿಲ್ಲ. ಹೊರಗಿನ ಸಂಬಂಧವೂ ಅಲ್ಲ, ಸೋದರಮಾವನ ಮಗನಿಗೇ ಕೊಡುವ ಮಾತು.

ದುರ್ಗದ ವೈದ್ಯೆ

ಒಂದು ನಿಮಿಷ. ಸೋದರಮಾವ ಎಂದರೆ ನಿಮ್ಮ ತಾಯಿ ಮತ್ತು ಚಿಕ್ಕಮ್ಮನ ಒಡಹುಟ್ಟಿದವರೇ? ಹಾಗಿದ್ದರೆ ಮದುವೆಯ ನಂತರ ಪರೀಕ್ಷೆ ಎನ್ನುವ ವಾದ ಪೂರ್ತಿ ತಲೆಕೆಳಗಾಗುತ್ತದೆ.

ಲೆಕ್ಕ ನೋಡಿ. ಚಿಕ್ಕಮ್ಮನಲ್ಲಿ ದೋಷವಿದ್ದರೆ ಮಗಳಿಗೆ ಬಂದಿರುವ ಸಂಭವ ಅರ್ಧ. ಚಿಕ್ಕಮ್ಮನ ಅಣ್ಣನಲ್ಲೂ ಅದೇ ದೋಷವಿರುವ ಸಂಭವ ಅರ್ಧ, ಅವರ ಮಗನಿಗೆ ಕಾಲು. ಹುಡುಗ ಹುಡುಗಿ ಇಬ್ಬರಲ್ಲೂ ಇರುವ ಸಂಭವ ಎಂಟರಲ್ಲಿ ಒಂದು. ಇಬ್ಬರಲ್ಲೂ ಬಿಆರ್‌ಸಿಎ2 ದೋಷವಿದ್ದರೆ ಪ್ರತಿ ಗರ್ಭದಲ್ಲಿ ಮಗುವಿಗೆ ಎರಡೂ ಕಡೆಯಿಂದ ಬರುವ ಸಂಭವ ನಾಲ್ಕರಲ್ಲಿ ಒಂದು. ಹಾಗೆ ಎರಡೂ ಕಡೆಯಿಂದ ಬಂದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆ. ಮೂಳೆಯ ಮಜ್ಜೆ ಕೆಡುತ್ತದೆ. ಈ ಬಗೆಯಲ್ಲಿ ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆ, ಮೂತ್ರಪಿಂಡದ ಗಡ್ಡೆ ಎಳೆಯ ವಯಸ್ಸಿಗೇ ಬರಬಹುದು. ಬಿಆರ್‌ಸಿಎ1 ಎರಡೂ ಕಡೆಯಿಂದ ಬಂದ ಮಕ್ಕಳು ಬದುಕಿರುವುದೇ ಬಹಳ ಅಪರೂಪ.

ಇದು ತೀರಾ ವಿರಳ ಕಾಯಿಲೆ, ಒಳಸಂಬಂಧದ ಮದುವೆಗಳೆಲ್ಲ ಹೀಗೆ ಎಂದು ಯಾರೂ ಓದಿಕೊಳ್ಳಬಾರದು. ಮದುವೆ ನಿಲ್ಲಿಸಿ ಎಂದೂ ನಾನು ಹೇಳುತ್ತಿಲ್ಲ. ಇಬ್ಬರ ರಕ್ತ ನೋಡಿ, ಇಬ್ಬರಲ್ಲಿ ಒಬ್ಬರಿಗೆ ಇಲ್ಲವೆಂದಾದರೆ ಈ ಭಯವೇ ಇಲ್ಲ. ಜಾತಕದ ಮೂವತ್ತಾರು ಗುಣ ಕೂಡಿಸಲು ಸಮಯವಿರುವವರಿಗೆ ಒಂದು ಟ್ಯೂಬ್ ರಕ್ತಕ್ಕೂ ಸಮಯ ಇರಬೇಕು.

ಚಿಕ್ಕಪ್ಪನಿಗೆ ಮದುವೆಯ ಮಾತಿನಿಂದ ಶುರು ಮಾಡಬೇಡಿ. ಅದು ಜಗಳವಾಗುತ್ತದೆ. ಹೆಂಡತಿಯ ಚಿಕಿತ್ಸೆಯಿಂದ ಶುರು ಮಾಡಿ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಬಿಆರ್‌ಸಿಎ ದೋಷ ಇದ್ದವರಿಗೆ ಒಲಾಪರಿಬ್‌ನಂತಹ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಿಎನ್‌ಎ ಸರಿಪಡಿಸುವ ಒಂದು ದಾರಿ ಆ ಗಡ್ಡೆಯ ಕೋಶಗಳಲ್ಲಿ ಮೊದಲೇ ಕೆಟ್ಟಿರುತ್ತದೆ, ಗುಳಿಗೆ ಇನ್ನೊಂದು ದಾರಿಯನ್ನೂ ಮುಚ್ಚುತ್ತದೆ. ಕಿಮೋಗೆ ಕಾಯಿಲೆ ಬಗ್ಗಿದ ಮೇಲೆ ಅದು ಮರಳದಂತೆ ತಡೆಯಲು ಇದನ್ನು ಕೊಡುತ್ತಾರೆ. ಬೆಂಗಳೂರಿನ ವೈದ್ಯರು ಚೀಟಿ ಬರೆದಿರುವುದು ಬಹುಶಃ ಇದಕ್ಕೇ. ಆ ಪರೀಕ್ಷೆ ಮೊದಲು ಚಿಕ್ಕಮ್ಮನ ಪ್ರಯೋಜನಕ್ಕೆ, ನಂತರವೇ ಮನೆಯವರ ಪ್ರಯೋಜನಕ್ಕೆ.

ನಿರ್ವಾಹಕರು

ಇಲ್ಲಿ ಬಂದಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇವೆ. ಒಂದರಲ್ಲಿ ನಾಟಿ ಔಷಧಿಯ ಜಾಹೀರಾತು, ಇನ್ನೊಂದರಲ್ಲಿ ವೈದ್ಯರೊಬ್ಬರ ಮೊಬೈಲ್ ಸಂಖ್ಯೆ ಇತ್ತು. ಚರ್ಚೆ ಮುಂದುವರಿಯಲಿ.

ಕೋಟೆ ಊರಿನವಳು

ನನ್ನ ಕತೆ ಹೇಳುತ್ತೇನೆ, ಮುಂದಿನ ಹಂತ ಹೇಗಿರುತ್ತದೆ ಎಂದು ಇಲ್ಲಿ ಯಾರೂ ಬರೆದಿಲ್ಲ. ನನಗೆ ಬಿಆರ್‌ಸಿಎ1. ಕ್ಯಾನ್ಸರ್ ಬಂದಿಲ್ಲ. ಅಕ್ಕನಿಗೆ ಬಂದಿತ್ತು, ಅವಳ ವರದಿಯ ನಂತರ ನನ್ನದು. 38ನೇ ವಯಸ್ಸಿನಲ್ಲಿ ಅಂಡಾಶಯ, ಅಂಡನಾಳ ತೆಗೆಸಿಕೊಂಡೆ. ಸ್ತನ ತೆಗೆಸಿಕೊಂಡಿಲ್ಲ, ವರ್ಷಕ್ಕೊಮ್ಮೆ ಎಂಆರ್‌ಐ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ಎರಡರ ನಡುವೆ ಆರು ತಿಂಗಳ ಅಂತರ.

ಎರಡಕ್ಕೂ ಬೇರೆ ಬೇರೆ ನಿರ್ಧಾರ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಸ್ತನವನ್ನು ಕಾವಲು ಕಾಯಬಹುದು, ಗಂಟು ಚಿಕ್ಕದಿದ್ದಾಗಲೇ ಸಿಗುವ ಸಾಧ್ಯತೆ ಇದೆ. ಅಂಡಾಶಯವನ್ನು ಹಾಗೆ ಕಾಯಲು ಬರುವುದಿಲ್ಲ. ಸಿಎ-125 ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಇವೆ. ಆದರೆ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಮಹಿಳೆಯರ ಮೇಲೆ ವರ್ಷಗಟ್ಟಲೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂದಾಗ, ಅದರಿಂದ ಸಾವು ಕಡಿಮೆಯಾಗಲಿಲ್ಲವೆಂದೇ ತಿಳಿಯಿತು. ನನ್ನ ವೈದ್ಯರು ಇದನ್ನು ಕಾಗದದ ಮೇಲೆ ಬರೆದು ತೋರಿಸಿದರು. 2017ರ ದೊಡ್ಡ ಅಧ್ಯಯನವೊಂದರ ಪ್ರಕಾರ ಬಿಆರ್‌ಸಿಎ1 ಇದ್ದವರಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇ 72, ಅಂಡಾಶಯದ್ದು ಶೇ 44. ಬಿಆರ್‌ಸಿಎ2 ಇದ್ದವರಿಗೆ ಶೇ 69 ಮತ್ತು ಶೇ 17. ಆ ಅಂಕಿಗಳು ಬಹುಪಾಲು ಪಾಶ್ಚಾತ್ಯ ಕುಟುಂಬಗಳದ್ದು, ನಮ್ಮವರಲ್ಲಿ ಸ್ವಲ್ಪ ಆಚೀಚೆ ಇರಬಹುದು ಎಂದೂ ಹೇಳಿದರು. ಶೇ 44 ಎಂದು ಓದಿದ ಮೇಲೆ ಆಚೀಚೆಯ ಮೇಲೆ ಜೂಜಾಡಲು ನನಗೆ ಮನಸ್ಸಾಗಲಿಲ್ಲ.

ಬಿಆರ್‌ಸಿಎ1 ಇದ್ದವರಿಗೆ ಮಕ್ಕಳಾದ ಮೇಲೆ 35ರಿಂದ 40ರೊಳಗೆ ತೆಗೆಸಿ ಎನ್ನುತ್ತಾರೆ, ಬಿಆರ್‌ಸಿಎ2 ಇದ್ದವರು 40-45ರ ತನಕ ಕಾಯಬಹುದು. ಅಂಡನಾಳವನ್ನೂ ಏಕೆ ತೆಗೆಯುತ್ತಾರೆಂದರೆ, ಅಂಡಾಶಯದ್ದು ಎಂದು ಕರೆಯುವ ಈ ಕ್ಯಾನ್ಸರ್ ಎಷ್ಟೋ ಸಲ ಹುಟ್ಟುವುದು ಅಂಡನಾಳದ ತುದಿಯಲ್ಲಿ.

ಇನ್ನು ಯಾರೂ ಮೊದಲೇ ಹೇಳದ ಭಾಗ. ಮುಟ್ಟು ಒಂದೇ ದಿನಕ್ಕೆ ನಿಲ್ಲುತ್ತದೆ. ನಿಧಾನವಾಗಿ ನಿಲ್ಲುವವರಿಗೆ ಮೈ ಹೊಂದಿಕೊಳ್ಳಲು ಸಮಯವಿರುತ್ತದೆ, ನಮಗಿಲ್ಲ. ಡಿಸೆಂಬರ್‌ನ ದುರ್ಗದ ಚಳಿಯಲ್ಲಿ ಹೊದಿಕೆ ಒದ್ದು ಬೆವರುತ್ತಾ ಕೂತಿದ್ದೇನೆ. ನಿದ್ದೆ ಹೋಯಿತು, ಗಂಡನ ಹತ್ತಿರ ಮಲಗುವುದೂ ಕಷ್ಟವಾಯಿತು, ಅದನ್ನು ವೈದ್ಯರಿಗೆ ಹೇಳಲು ಇನ್ನೂ ಕಷ್ಟವಾಯಿತು. ಹೇಳಿದ ಮೇಲೆ ಹಾರ್ಮೋನ್ ಕೊಟ್ಟರು. ಸ್ತನ ಕ್ಯಾನ್ಸರ್ ಬಂದಿರದ ನನ್ನಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಕೊಡಬಹುದಂತೆ. ಮೂಳೆಯ ಸಾಂದ್ರತೆ ನೋಡಿಸಿಕೊಳ್ಳಬೇಕು. ತೆಗೆಸಿಕೊಂಡದ್ದಕ್ಕೆ ವಿಷಾದವಿಲ್ಲ, ಆದರೆ ಸುಲಭ ಎಂದು ಹೇಳುವವರನ್ನು ನಂಬಬೇಡಿ.

ಹರಿಹರದ ಸೊಸೆ

ಅಕ್ಕ, ಇದನ್ನೆಲ್ಲ ಹೀಗೆ ಬಿಚ್ಚಿ ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ.

ಮಂಡಿಪೇಟೆ ಲೆಕ್ಕಿಗ

ಚಿಕಿತ್ಸೆಗೆ ಉಪಯೋಗ ಎಂಬ ಮಾತು ಒಪ್ಪಿದೆ, ಅದು ನನಗೆ ತಿಳಿದಿರಲಿಲ್ಲ. ಆದರೆ ವಿಮೆಯ ವಿಷಯ ಯಾರೂ ಎತ್ತಿಲ್ಲ, ಅದು ನನ್ನ ಕಸುಬಿಗೆ ಹತ್ತಿರ. ಅಮೆರಿಕದಲ್ಲಿ 2008ರಿಂದ ಜೀನ್ ವರದಿ ಹಿಡಿದು ಆರೋಗ್ಯ ವಿಮೆ ನಿರಾಕರಿಸಬಾರದೆಂಬ ಕಾನೂನಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಒಬ್ಬ ಹೃದ್ರೋಗಿಯ ಪ್ರಕರಣದಲ್ಲಿ, ಆನುವಂಶಿಕ ಕಾಯಿಲೆ ಎಂಬ ಒಂದೇ ನೆಪದಲ್ಲಿ ಆರೋಗ್ಯ ವಿಮೆಯ ಹಣ ತಡೆಯುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ತೀರ್ಪು ಒಳ್ಳೆಯದು, ಆದರೆ ಪ್ರತಿಯೊಬ್ಬರೂ ನ್ಯಾಯಾಲಯಕ್ಕೆ ಹೋಗಲಾಗುವುದಿಲ್ಲ. ಆರೋಗ್ಯ ವಿಮೆ ಇಲ್ಲದವರು ರಕ್ತ ಕೊಡುವ ಮೊದಲೇ ಮಾಡಿಸಿಕೊಳ್ಳಲಿ, ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆಯದಿರಲಿ. ಸುಳ್ಳು ಸಿಕ್ಕಿಬಿದ್ದರೆ ಕಟ್ಟಿದ ಕಂತೂ ಹೋಗುತ್ತದೆ, ಹಣವೂ ಬರುವುದಿಲ್ಲ.

ಹಳೇ ಮೈಕ್ರೋಸ್ಕೋಪು

ಲೆಕ್ಕಿಗರು ಈ ಬಾರಿ ಕೆಲಸಕ್ಕೆ ಬರುವ ಮಾತು ಹೇಳಿದ್ದಾರೆ. ವ್ಯಾಪಾರ ಎಂಬ ಅವರ ಹಳೆಯ ಆರೋಪಕ್ಕೂ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಒಂದೇ ಕಂಪನಿ ಈ ಎರಡು ಜೀನ್‌ಗಳ ಪೇಟೆಂಟ್ ಹಿಡಿದುಕೊಂಡು ಕೂತಿತ್ತು. 2013ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಕೃತಿಯಲ್ಲಿರುವ ಜೀನ್‌ಗೆ ಪೇಟೆಂಟ್ ಇಲ್ಲವೆಂದಿತು. ಇವತ್ತು ನಮ್ಮ ಬೆಂಗಳೂರಿನಲ್ಲೇ ಇಡೀ ಜೀನ್ ಓದುವ ಪ್ರಯೋಗಾಲಯಗಳಿವೆ. ದರದಲ್ಲಿ ಅಜಗಜಾಂತರ ಇದೆ, ಎರಡು ಮೂರು ಕಡೆ ವಿಚಾರಿಸಿ. ಕೇಳಬೇಕಾದ ಪ್ರಶ್ನೆ: ಇಡೀ ಜೀನ್ ಓದುತ್ತೀರಾ, ದೊಡ್ಡ ತುಂಡು ಬಿಟ್ಟುಹೋಗಿದ್ದರೆ ಅಥವಾ ಎರಡು ಸಲ ಬಂದಿದ್ದರೆ ಅದನ್ನೂ ನೋಡುತ್ತೀರಾ? ಎಂಜಲು ಕಳಿಸಿದರೆ ಪೂರ್ವಜರು ಯಾರು, ಕೂದಲು ಉದುರುತ್ತದೆಯೇ ಎಂದೆಲ್ಲ ಹೇಳುವ ಅಗ್ಗದ ಕಿಟ್‌ಗಳು ಈ ಜೀನ್‌ಗಳಲ್ಲಿ ಬೆರಳೆಣಿಕೆಯ ಜಾಗಗಳನ್ನು ನೋಡಿದರೆ ಹೆಚ್ಚು. ಅವುಗಳ 'ಇಲ್ಲ'ಕ್ಕೆ ಬೆಲೆಯಿಲ್ಲ.

ಇನ್ನೊಂದು, ವರದಿಯಲ್ಲಿ 'ವಿಯುಎಸ್' ಎಂದು ಬರುವುದುಂಟು. ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ನಿರುಪದ್ರವಿಯೋ ಇನ್ನೂ ಗೊತ್ತಿಲ್ಲ ಎಂದರ್ಥ. ಜಗತ್ತಿನ ದಾಖಲೆಗಳಲ್ಲಿ ಭಾರತೀಯರ ಮಾದರಿಗಳು ಕಡಿಮೆ, ಆದ್ದರಿಂದ ನಮ್ಮವರ ವರದಿಗಳಲ್ಲಿ ಇದು ಹೆಚ್ಚು. ನನ್ನ ಪರಿಚಿತರೊಬ್ಬರಿಗೆ ಇಂಥ ವರದಿ ಹಿಡಿದೇ ಅಂಡಾಶಯ ತೆಗೆಯಲು ದಿನಾಂಕ ಕೊಟ್ಟಿದ್ದರು. ಎಲ್ಲಿ ಎಂದು ಹೇಳುವುದಿಲ್ಲ. ಎರಡನೇ ಅಭಿಪ್ರಾಯ ಕೇಳಿದ್ದರಿಂದ ಉಳಿದುಕೊಂಡರು. ವಿಯುಎಸ್ ನೋಡಿ ಯಾವ ಅಂಗವನ್ನೂ ತೆಗೆಸಬೇಡಿ. ಬಹುಪಾಲು ಮುಂದೆ ನಿರುಪದ್ರವಿ ಎಂದೇ ಬದಲಾಗುತ್ತವೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಪ್ರಯೋಗಾಲಯವನ್ನು ವಿಚಾರಿಸುತ್ತಿರಿ.

ವಿದ್ಯಾನಗರದವಳು

ತುಂಬಾ ದಿನವಾಯಿತು, ಬರೆಯಲು ಆಗಲಿಲ್ಲ. ಚಿಕ್ಕಪ್ಪ ಒಪ್ಪಿದರು. ನಾನು ಹೇಳಿದ್ದಕ್ಕಲ್ಲ, ಕಿಮೋಗೆ ಹೋದಾಗ ಬೆಂಗಳೂರಿನ ವೈದ್ಯರು ಗುಳಿಗೆಯ ವಿಷಯ ಹೇಳಿ, ಪರೀಕ್ಷೆ ಏಕೆ ಇನ್ನೂ ಆಗಿಲ್ಲ ಎಂದು ಗದರಿದರಂತೆ. ಚಿಕ್ಕಮ್ಮನ ವರದಿ ಬಂತು. ಬಿಆರ್‌ಸಿಎ2, ಖಚಿತವಾಗಿ ರೋಗಕಾರಕ ಎಂದೇ ಇದೆ.

ಆಮೇಲೆ ನಾನೂ ತಮ್ಮನೂ ಆ ಒಂದೇ ಜಾಗದ ಪರೀಕ್ಷೆ ಮಾಡಿಸಿಕೊಂಡೆವು. ಇಡೀ ಜೀನ್ ಓದುವುದಕ್ಕಿಂತ ಬಹಳ ಕಡಿಮೆ ಖರ್ಚಾಯಿತು. ನನಗೆ ಇಲ್ಲ. ತಮ್ಮನಿಗೆ ಇದೆ. 'ನನಗೇಕೆ, ನಿನ್ನ ಜೊತೆಗೆ ಬರುತ್ತೇನೆ ಅಷ್ಟೇ' ಎಂದು ಬಂದವನು. ಅವನಿಗೆ ಒಂಬತ್ತು ವರ್ಷದ ಮಗಳಿದ್ದಾಳೆ, ಅವಳಿಗೂ ಈಗಲೇ ಮಾಡಿಸಿಬಿಡೋಣ ಎಂದು ಒದ್ದಾಡುತ್ತಿದ್ದಾನೆ. ನನಗೆ ಬಂದಿಲ್ಲ ಎಂದು ಸಂತೋಷಪಡಲೂ ಆಗುತ್ತಿಲ್ಲ.

ದುರ್ಗದ ವೈದ್ಯೆ

ಸಂತೋಷಪಡಿ. ನಿಮಗಿಲ್ಲದ್ದರಿಂದ ನಿಮ್ಮ ಇಬ್ಬರು ಮಕ್ಕಳಿಗೂ ನಿಮ್ಮ ಮೂಲಕ ಇದು ಹೋಗುವುದಿಲ್ಲ. ಈ ದೋಷ ತಲೆಮಾರು ಹಾರಿ ಬರುವುದಿಲ್ಲ. ಎಲ್ಲರಂತೆ ನಿಮ್ಮ ವಯಸ್ಸಿಗೆ ತಕ್ಕ ತಪಾಸಣೆ ಮಾತ್ರ ಬಿಡಬೇಡಿ.

ತಮ್ಮನ ಮಗಳಿಗೆ ಈಗ ಪರೀಕ್ಷೆ ಬೇಡ. ಈ ಕ್ಯಾನ್ಸರ್‌ಗಳು ಬಾಲ್ಯದವಲ್ಲ, ಈಗ ತಿಳಿದರೂ ಮಾಡುವಂಥದ್ದು ಏನೂ ಇಲ್ಲ. ಹದಿನೆಂಟು ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ. ಎದೆಯ ಎಂಆರ್‌ಐ ತಪಾಸಣೆಯೇ 25ಕ್ಕೆ ಶುರುವಾಗುವುದು, 30ರಿಂದ ಮ್ಯಾಮೊಗ್ರಾಂ ಜೊತೆಗೂಡುತ್ತದೆ. ಅಷ್ಟರಲ್ಲಿ ಇನ್ನೂ ಒಳ್ಳೆಯ ದಾರಿಗಳು ಬಂದಿರಬಹುದು. ತಮ್ಮ 35ರಿಂದ ವರ್ಷಕ್ಕೊಮ್ಮೆ ಎದೆ ತೋರಿಸಿಕೊಳ್ಳಲಿ, 40ರಿಂದ ಪ್ರಾಸ್ಟೇಟ್‌ಗಾಗಿ ಪಿಎಸ್‌ಎ ರಕ್ತಪರೀಕ್ಷೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮನೆಯಲ್ಲಿ ಯಾರಿಗಾದರೂ ಇತ್ತೇ ಎಂಬುದನ್ನೂ ಕೇಳಿ ಬರೆದಿಡಿ.

ಸೋದರಮಾವನ ಮನೆಗೆ ಹೇಳಿದಿರಾ?

ಹೊಳಲ್ಕೆರೆ ತೋಟದವನು

ತಮ್ಮನಿಗೆ ಹೇಳಿ: ಮಗಳಿಗೆ ನಾನೇ ಕೊಟ್ಟೆನೋ ಎಂಬ ಯೋಚನೆ ರಾತ್ರಿ ಹೊತ್ತು ಬರುತ್ತದೆ. ನನಗೂ ಬಂದಿತ್ತು, ನನ್ನ ಅಪ್ಪನಿಗೆ ಇನ್ನೂ ಬರುತ್ತದೆ. ಮಾತಾಡಬೇಕೆನಿಸಿದರೆ ಇಲ್ಲಿ ಖಾಸಗಿ ಸಂದೇಶ ಕಳಿಸಲಿ. ದಾವಣಗೆರೆಗೆ ಅಡಿಕೆ ವ್ಯವಹಾರಕ್ಕೆ ಬರುತ್ತಿರುತ್ತೇನೆ, ಸಿಗುತ್ತೇನೆ.

ವಿದ್ಯಾನಗರದವಳು

ಸೋದರಮಾವನಿಗೆ ಇನ್ನೂ ಹೇಳಿಲ್ಲ. ವರದಿ ಚಿಕ್ಕಮ್ಮನದು, ಆದ್ದರಿಂದ ಅವರ ಒಪ್ಪಿಗೆ ಕೇಳಿದೆ. 'ನನ್ನ ಮಗಳಿಗೆ ಮೊದಲು ನಾನೇ ಹೇಳುತ್ತೇನೆ, ಆಮೇಲೆ ಅಣ್ಣನಿಗೆ ನೀನು ಬರೆ' ಎಂದರು. ಮಗಳಿಗೆ ಹೇಳಿದರು. ಅವಳು ಅತ್ತಳು, ನಂತರ ಅಪ್ಪನ ಎದುರೇ 'ನನ್ನ ರಕ್ತ ಯಾವಾಗ ಕೊಡುವುದು' ಎಂದು ಕೇಳಿದಳಂತೆ. ಮಾವನಿಗೆ ಕಳಿಸಲು ಹೀಗೆ ಬರೆದಿದ್ದೇನೆ, ತಿದ್ದಿಕೊಡಿ:

'ಮಾವನವರಿಗೆ ನಮಸ್ಕಾರಗಳು. ಚಿಕ್ಕಮ್ಮನ ಕಾಯಿಲೆಗೆ ಕಾರಣವಾದ ಒಂದು ಬದಲಾವಣೆ ಅವರ ರಕ್ತಪರೀಕ್ಷೆಯಲ್ಲಿ ಸಿಕ್ಕಿದೆ. ಅಮ್ಮನಿಗೂ ಅದೇ ಇತ್ತು, ತಮ್ಮನಿಗೆ ಬಂದಿರುವುದರಿಂದ ಇದು ಗೊತ್ತಾಯಿತು. ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ. ಒಡಹುಟ್ಟಿದವರಾದ ನಿಮ್ಮಲ್ಲಿ ಇರುವ ಸಂಭವ ಅರ್ಧ, ಇಲ್ಲದಿರುವ ಸಂಭವವೂ ಅರ್ಧ. ಗಂ​ಡಸರಿಗೂ ಇದು ಮುಖ್ಯ. ನೀವು ಪರೀಕ್ಷೆ ಮಾಡಿಸಿಕೊಂಡು ಇಲ್ಲವೆಂದಾದರೆ ನಿಮ್ಮ ಮಕ್ಕಳಿಗೆ ಮಾಡಿಸುವ ಅಗತ್ಯವೇ ಇರುವುದಿಲ್ಲ. ಮದುವೆಯ ಮಾತು ಮುಂದುವರಿಸುವ ಮೊದಲು ಇದೊಂದು ಆಗಲಿ ಎಂದು ಚಿಕ್ಕಮ್ಮನ ಅಭಿಪ್ರಾಯ. ಹುಡುಗಿಯದೂ ಅದೇ.'

ದುರ್ಗದ ವೈದ್ಯೆ

ಚೆನ್ನಾಗಿದೆ. 'ಹುಡುಗಿಯದೂ ಅದೇ' ಎಂಬುದನ್ನು ಯಾರು ಹೇಳಿದರೂ ತೆಗೆಯಬೇಡಿ. ಜೆನೆಟಿಕ್ ಕೌನ್ಸೆಲರ್ ಜೊತೆ ಒಮ್ಮೆ ಮಾತಾಡಿ ಎಂಬ ಸಾಲು ಸೇರಿಸಿ. ಬೆಂಗಳೂರು, ಮಣಿಪಾಲಗಳಲ್ಲಿ ಸಿಗುತ್ತಾರೆ, ವಿಡಿಯೊ ಕರೆಯಲ್ಲೂ ಮಾತಾಡುವವರಿದ್ದಾರೆ.

ಮಂಡಿಪೇಟೆ ಲೆಕ್ಕಿಗ

ಮದುವೆಯ ಸಾಲನ್ನು ಪತ್ರದಲ್ಲಿ ಹಾಕಬೇಡಿ ಎಂದು ನನ್ನ ಅಭಿಪ್ರಾಯ. ಅದನ್ನು ಎದುರು ಕೂತು ಹೇಳಬೇಕು. ಪತ್ರ ಮನೆಯಲ್ಲಿ ಹತ್ತು ಕೈ ದಾಟುತ್ತದೆ.

ವಿದ್ಯಾನಗರದವಳು

ಅದು ಸರಿ ಎನಿಸುತ್ತದೆ. ಆ ಎರಡು ಸಾಲು ತೆಗೆದು, ಚಿಕ್ಕಮ್ಮನೂ ಅವಳೂ ಹೋಗಿ ಕೂತು ಹೇಳಲಿ. ವೈದ್ಯೆ ಮೇಡಂ ಒಪ್ಪುತ್ತೀರಾ?

ದುರ್ಗದ ವೈದ್ಯೆ

ಅವಳ ಬಾಯಿಂದಲೇ ಬರುವುದಾದರೆ ಒಪ್ಪಿದೆ.

ಹಳೇ ಮೈಕ್ರೋಸ್ಕೋಪು

ಪತ್ರದ ಜೊತೆಗೆ ಚಿಕ್ಕಮ್ಮನ ವರದಿಯ ಮೊದಲ ಪುಟದ ನಕಲು ಇಡಿ. ದೋಷದ ಹೆಸರನ್ನು ಕೈಯಲ್ಲಿ ನಕಲು ಮಾಡಲು ಹೋಗಬೇಡಿ, ಒಂದು ಅಂಕಿ ತಪ್ಪಿದರೂ ಪ್ರಯೋಗಾಲಯದವರು ಬೇರೆ ಜಾಗ ನೋಡುತ್ತಾರೆ. ಮಾವ ಬೇರೆ ಪ್ರಯೋಗಾಲಯಕ್ಕೆ ಹೋಗುವುದಾದರೆ, ಮನೆಯಲ್ಲಿ ದೋಷ ಇರುವುದು ಖಚಿತವಾದ ಒಬ್ಬರ ಮಾದರಿಯನ್ನೂ ಜೊತೆಗೆ ಕೇಳಬಹುದು. ತಮ್ಮ ದಾವಣಗೆರೆಯಲ್ಲೇ ಇರುವುದರಿಂದ ಅವನ ರಕ್ತ ಕೊಡಿ, ಕಿಮೋದಲ್ಲಿರುವ ಚಿಕ್ಕಮ್ಮನಿಗೆ ಇನ್ನೊಂದು ಸೂಜಿ ಚುಚ್ಚಿಸಬೇಡಿ.